ಕುದುರೆ ಸವಾರನ ನಾಯಿ

ಮುಚ್ಚಂಡಿಗೆ ಸೊಸೆಯಾಗಿ ಬಂದಾಗ ನಾನು ತವರಿನಿಂದ ತಂದದ್ದು ಒಂದು ಟ್ರಂಕು, ಒಂದು ನಾಯಿಮರಿ. ಟ್ರಂಕು ಒಳಗೆ ಹೋಯಿತು, ಮರಿ ಹೊಸ್ತಿಲ ಆಚೆಯೇ ನಿಂತಿತು. ನಮ್ಮದು ಲಿಂಗಪೂಜೆಯ ಮನೆ, ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ. ಮಾವ ಆಚಾರದವರು. ನಾಯಿ ಪಡಸಾಲೆಗೆ ಕಾಲಿಟ್ಟರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅದನ್ನು ಹೊರಗೆ ಬಿಟ್ಟರೆ ನನಗೆ ಸೇರುತ್ತಿರಲಿಲ್ಲ. ವರ್ಷವಿಡೀ ಜಗ್ಗಾಟ ನಡೆದು, ಕೊನೆಗೆ ಮಾವ ಸೊರಡಿಯ ಕುರುಬರ ಮುದುಕಿಗೆ ಮಾತು ಕೊಟ್ಟೇಬಿಟ್ಟರು. ಬರುವ ಐತವಾರ ಅವಳು ಬಂದು ನಾಯಿಯನ್ನು ಕುರಿ ಕಾಯಲು ಒಯ್ಯಬೇಕು.

ಅದೇ ವಾರ ನನ್ನವರು ಜತ್ತಿನಿಂದ ಒಂದು ಪಟ ತಂದರು. ಸಂಸ್ಥಾನ ವಿಲೀನವಾದ ಮೇಲೆ ಸಾಹೇಬರೊಬ್ಬರ ಬಂಗಲೆ ಖಾಲಿ ಮಾಡಿ ಸಾಮಾನು ಲಿಲಾವು ಮಾಡಿದ್ದರಂತೆ. ಯುರೋಪಿನ ಚಿತ್ರ. ಬಿಳಿ ಕುದುರೆಯ ಮೇಲೆ ಬೂಟು ತೊಟ್ಟು ಕತ್ತಿ ಕಟ್ಟಿದ ಮೀಸೆಯ ದೊರೆ, ಕುದುರೆಯ ಕಾಲ ಬಳಿ ಅವನ ನಾಯಿ. ಆ ಕಡೆಯ ಶ್ರೀಮಂತರು ಚಿತ್ರಕಾರರನ್ನು ಮನೆಗೆ ಕರೆಸಿ, ಸಾಕಿದ ನಾಯಿಯ ಪಟ ಬರೆಸುತ್ತಾರೆ ಎಂದು ನನ್ನವರು ಹೇಳಿದಾಗ ಆ ಜನರ ಮೇಲೆ ನನಗೆ ಒಮ್ಮೆಲೇ ಪ್ರೀತಿ ಹುಟ್ಟಿತು. ಹತ್ತಿರ ಹೋಗಿ ನೋಡಿದೆ. ದೊರೆಯ ಮುಖವನ್ನು ಚಿತ್ರಕಾರ ಕೂಲಿಗೆ ಬರೆದಂತಿತ್ತು. ನಾಯಿಯದು ಹಾಗಲ್ಲ. ಒದ್ದೆ ಮೂಗು, ಮಡಚಿದ ಕಿವಿ, ಕತ್ತಿನ ಕೂದಲಂತೂ ಬೆರಳಿಗೆ ಸಿಗುವ ಹಾಗಿತ್ತು. ಮಾವನಿಗೂ ಒಂದಿಷ್ಟು ಬುದ್ಧಿ ಬರಲಿ ಎಂದು ಅಂಗಡಿಯ ಗೋಡೆಗೇ ಮೊಳೆ ಹೊಡೆಸಿದೆ. ಅವರು ಒಮ್ಮೆ ನೋಡಿ, ದೊರೆಗೆ ಬೇರೆ ಕೆಲಸವಿರಲಿಲ್ಲ ಎಂದು ತಕ್ಕಡಿ ಹಿಡಿದರು.

ಐತವಾರ ಮುದುಕಿ ಹಗ್ಗ ಹಿಡಿದು ಬಂದಳು. ನಾನು ಬೆಳಗಿನಿಂದ ಬಾಯಿಗೆ ನೀರು ಹಾಕಿರಲಿಲ್ಲ. ನಾಯಿಯನ್ನು ತಬ್ಬಿಕೊಂಡು ಪಟದ ಕೆಳಗೇ ಕೂತಿದ್ದೆ. ಕೊಡುವುದಿಲ್ಲ ಎಂದು ನಾಲ್ಕು ಜನರ ಮುಂದೆಯೇ ಹೇಳುವವಳಿದ್ದೆ. ಮುದುಕಿ ನನ್ನನ್ನು ನೋಡಲೇ ಇಲ್ಲ, ಅವಳ ಕಣ್ಣು ಪಟದ ಮೇಲೆ ನೆಟ್ಟಿತ್ತು. ಅವಳ ಮನೆದೇವರು ಮೈಲಾರಲಿಂಗನೂ ಹೀಗೇ ಕತ್ತಿ ಹಿಡಿದು, ಬಿಳಿ ಕುದುರೆ ಏರಿ, ನಾಯಿಯೊಂದಿಗೆ ಬರುವವನು. ಸೊಂಟದ ಚೀಲ ಬಿಚ್ಚಿ ಪಟಕ್ಕೆ ಭಂಡಾರದ ಅರಿಸಿನ ಎರಚಿದಳು. ಬೆರಳಿಗೆ ಉಳಿದದ್ದನ್ನು ನನ್ನ ನಾಯಿಯ ಹಣೆಗೆ ಹಚ್ಚಿದಳು.

“ದೇವರ ಮುಂದಿನ ನಾಯಿ ಐತಿ. ನಾ ಒಯ್ಯಾಂಗಿಲ್ರಿ ಸಾವಕಾರ್ರ,” ಅಂದಳು.

ಮಾವ ಏನೋ ಹೇಳಲು ಬಾಯಿ ತೆರೆದರು. ಅಂಗಡಿಯ ಮುಂದೆ ಬೆಲ್ಲಕ್ಕೆ ಬಂದಿದ್ದ ಕುರುಬರೆಲ್ಲ ಆಗಲೇ ಕೈ ಮುಗಿದು ನಿಂತಿದ್ದರು. ಗಿರಾಕಿಯ ದೇವರನ್ನು ಅಲ್ಲ ಅನ್ನುವ ವ್ಯಾಪಾರಿ ಎಲ್ಲಿದ್ದಾನೆ? ಮಾವ ಬೆಲ್ಲ ತೂಗಲು ತಕ್ಕಡಿ ಹಿಡಿದರು. ಅಂದಿನಿಂದ ನಾಯಿ ಪಡಸಾಲೆಯಲ್ಲೇ ಮಲಗಿತು, ಐತವಾರಕ್ಕೊಮ್ಮೆ ಅದಕ್ಕೆ ಹಾಲು ರೊಟ್ಟಿಯ ಎಡೆಯೂ ಬಂತು.

ನನ್ನ ಖುಷಿಗೆ ಮಿತಿ ಇರಲಿಲ್ಲ. ಆದರೆ ಅತ್ತೆ ದಿನಾ ಪಟ ಒರೆಸಿ ಊದಿನಕಡ್ಡಿ ಹಚ್ಚುವುದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತಿದ್ದಾಗ, ಅದು ಮೈಲಾರನಲ್ಲ, ಯಾವನೋ ಪರದೇಶದ ದೊರೆ ಎಂದು ಹೇಳಿಬಿಟ್ಟೆ.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

“ಬೂಟ ಹಾಕ್ಕೊಂಡ ಮೈಲಾರನ್ನ ನಾನೂ ಎಲ್ಲೂ ನೋಡಿಲ್ಲವ್ವಾ. ನೀ ಆವತ್ತ ಉಣಲಾರದ ಕುಂತಿದ್ದಿ, ಅದನ್ನ ನೋಡೀನಿ. ನಿಮ್ಮ ಮಾವಗ ಹೇಳಬ್ಯಾಡ.”