ಸಪ್ಪಳ ಮಾಡಬ್ಯಾಡ

ನನ್ನ ಮಗಳು ಮೂರು ವರ್ಷ ತುಂಬುವ ಮೊದಲೇ ಪಿಸುಗುಟ್ಟಲು ಕಲಿತಳು. ಕಲಿಸಿದವಳು ನಾನೇ. ಮಗ ಹುಟ್ಟಿದ ಮೇಲೆ ಮುಧೋಳದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು ಒಂದೇ: "ಸಪ್ಪಳ ಮಾಡಬ್ಯಾಡ." ಕೂಸು ಮಲಗಿದ್ದರೆ, ಸಪ್ಪಳ ಮಾಡಬ್ಯಾಡ, ತಮ್ಮ ಮಲಗ್ಯಾನ. ಕೂಸು ಎದ್ದಿದ್ದರೆ, ಸಪ್ಪಳ ಮಾಡಬ್ಯಾಡ, ಪಪ್ಪಾ ಮಲಗ್ಯಾರ. ನಮ್ಮ ಮನೆಯವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅವರಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಮೈ ತೊಳೆದು, ಉಂಡು ಮಲಗಿದರೆ ಏಳುವುದು ಸಂಜೆಗೇ. ಒಂದು ಕೋಣೆಯಲ್ಲಿ ಅವರು, ಇನ್ನೊಂದರಲ್ಲಿ ತೊಟ್ಟಿಲು, ನಡುವಿನ ಅಡುಗೆಮನೆಯಲ್ಲಿ ನಾನೂ ಮಗಳೂ.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಲೆಕ್ಕಕ್ಕೆ ಆ ಚಳಿಗಾಲ ನಮ್ಮ ಮನೆಯಲ್ಲಿ ಬಂಗಾರದ ರಾಶಿಯೇ ಬಿದ್ದಿತ್ತು. ಕುಕ್ಕರ್ ಸೀಟಿ ಹೊಡೆಯುತ್ತದೆ ಅಂತ ಅನ್ನವನ್ನು ಬೋಗುಣಿಯಲ್ಲಿ ಬೇಯಿಸಿದೆ. ರೊಟ್ಟಿ ಬಡಿಯುವುದು ಬಿಟ್ಟು ಚಪಾತಿ ಲಟ್ಟಿಸಿದೆ. ನಮ್ಮ ಕಡೆ ಬಿಸಿಲೇರುವ ಹೊತ್ತಿಗೆ ಓಣಿಯಲ್ಲಿ ನಡೆದರೆ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಯಾವ ಮನೆಯಲ್ಲಿ ಹೆಂಗಸರಿದ್ದಾರೆ, ಯಾವ ಮನೆಗೆ ಬೀಗ ಬಿದ್ದಿದೆ ಅಂತ ಹೇಳಬಹುದು. ನಮ್ಮ ಮನೆ ಮುಂದೆ ಹಾದು ಹೋದವರು ಒಳಗೆ ಯಾರೂ ಇಲ್ಲ ಅಂದುಕೊಂಡಿರಬೇಕು. ನನಗೂ ಎಷ್ಟೋ ಸಲ ಹಾಗೇ ಅನ್ನಿಸುತ್ತಿತ್ತು.

ಎರಡನೆಯ ಬಾಣಂತನ ಗಂಡನ ಮನೆಯಲ್ಲಿ ಅನ್ನುವುದು ರೂಢಿ. ಆದರೆ ನಮ್ಮವ್ವ ರೂಢಿಗೆ ಹೆದರುವವಳಲ್ಲ. ರಬಕವಿಯ ಮಗ್ಗದ ಮನೆಯಲ್ಲಿ ನನ್ನ ಚೊಚ್ಚಲ ಬಾಣಂತನ ಮಾಡಿದವಳು ಅವಳೇ. ಶೇಗಡಿಯ ಕೆಂಡದ ಕಾವು, ಅಳ್ವಿ ಪಾಯಸ, ಅಂಟಿನ ಉಂಡೆ, ಜೊತೆಗೆ ದಿನವೆಲ್ಲ ಮಾತು. "ಎರಡನೇದೂ ಇಲ್ಲೇ ಆಗ್ಲಿ, ಯಾರ ಏನಂತಾರ ನೋಡೂಣು," ಅಂದಿದ್ದಳು. ನಾನು ಆರು ತಿಂಗಳ ಬಸುರಿ ಇದ್ದಾಗ ಒಂದು ಬೆಳಿಗ್ಗೆ ಎದೆ ನೋವು ಅಂದಳಂತೆ. ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ನಾನು ಮಗಳನ್ನು ಕರೆದುಕೊಂಡು ಹೋದಾಗ ಪಡಸಾಲೆಯಲ್ಲಿ ಅವ್ವನನ್ನು ಮಲಗಿಸಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಹಿರಿಯ ಹೆಂಗಸರು ರಟ್ಟೆ ಹಿಡಿದು ಒಳಗೆ ಕರೆದೊಯ್ದರು. "ಬಸುರಿ ಹೆಣ್ಣಮಗಳು ಒದರಿ ಅಳಬಾರದವ್ವಾ, ಹೊಟ್ಯಾಗಿನ ಕೂಸಿಗೆ ಛಲೋ ಅಲ್ಲ." ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತೆ. ಅವ್ವನನ್ನು ಎತ್ತುವಾಗಲೂ ಹೊರಗೆ ಬಿಡಲಿಲ್ಲ. ಮಗಳನ್ನು ನಮ್ಮಣ್ಣನ ಹೆಂಡತಿ, ನಮ್ಮ ವೈನಿ, ಎತ್ತಿಕೊಂಡು ಹೊರಗೆ ನಿಂತಿದ್ದರು. ಆ ಕೂಸಿಗೆ ಯಾರು ಏನು ಹೇಳಿ ಸುಮ್ಮನಿರಿಸಿದರು ಅಂತ ಕೇಳುವ ಎಚ್ಚರ ನನಗಿರಲಿಲ್ಲ.

ಹೀಗಾಗಿ ಮಗ ಹುಟ್ಟಿದಾಗ ರೂಢಿಯೇ ಗೆದ್ದಿತು. ಹಿಪ್ಪರಗಿಯಿಂದ ಅತ್ತೆ ಬಂದು ನಿಂತರು. ಒಳ್ಳೆಯವರೇ. ಹೆಸರಿಡುವ ತನಕ ಎಣ್ಣೆ, ನೀರು, ಲೋಬಾನದ ಹೊಗೆ ಎಲ್ಲ ನೋಡಿಕೊಂಡರು. ಅಷ್ಟರಲ್ಲಿ ಊರಿಂದ ಫೋನ್ ಬಂತು. "ಎಮ್ಮಿ ಈದೈತಂತ. ನಾ ಹೋಗದಿದ್ರ ಆಗಂಗಿಲ್ಲ. ನೀ ಕಲ್ತಾಕಿ ಅದಿ, ನಡಸ್ಕೊಂಡ ಹೋಗ್ತಿ," ಅಂದು ಸಂಜೆಯ ಬಸ್ಸಿಗೆ ಹೊರಟೇ ಬಿಟ್ಟರು. ಮನೆತನಕ್ಕೆ ಒಮ್ಮೆಲೇ ಎರಡು ಬಾಣಂತನ ಬಂದವು, ಎಮ್ಮೆಯದು ಗೆದ್ದಿತು. ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಹೇಳಿಕೊಂಡು ನಗಲಿಕ್ಕೆ ಮಾತ್ರ ಯಾರೂ ಇರಲಿಲ್ಲ.

ಮನೆಯವರು ಕೆಟ್ಟವರಲ್ಲ, ದಣಿದವರು. ಸಂಜೆ ಎದ್ದರೆ "ಡಬ್ಬಿ ಕಟ್ಟಿಯೇನು?" "ಹೂಂ." "ಕೂಸು ಹಾಲು ಕುಡೀತೇನು?" "ಹೂಂ." ಗಾಡಿ ಚಾಲೂ ಆಗುವ ಸಪ್ಪಳ ಕೇಳುತ್ತಿತ್ತು, ಅವತ್ತಿನ ಮಾತು ಮುಗಿಯುತ್ತಿತ್ತು. ಕಾಯಿಪಲ್ಯೆಯವಳು ಬಂದಾಗ ಬದನೆಕಾಯಿ ಹೇಗೆ ಕೊಡುತ್ತೀ ಅಂತ ಕೇಳಲು ಹೋದರೆ ಪಿಸುಮಾತೇ ಹೊರಡುತ್ತಿತ್ತು. ಎದುರು ಮನೆಯಲ್ಲಿ ಒಂದು ಬೇಟೆನಾಯಿ ಇತ್ತು, ಉದ್ದ ಮೋರೆಯ ಈ ಊರಿನದೇ ತಳಿ. ಅದೂ ಬೊಗಳುವುದು ಅಪರೂಪ. ಮಧ್ಯಾಹ್ನ ನಾನು ಕಿಟಕಿಯಲ್ಲಿ ನಿಂತರೆ ಅದು ಕಟ್ಟೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅವ್ವ ಇರಬೇಕಿತ್ತು ಅಂತ ದಿನಾ ಅನ್ನಿಸುತ್ತಿತ್ತು. ಬಾಣಂತಿಯ ಎದುರು ಕುಳಿತು ಸುಮ್ಮನೆ ವಟಗುಟ್ಟುವ ಒಬ್ಬ ಹೆಂಗಸು ಬೇಕು.

ಈ ನಡುವೆ ಮಗಳಿಗೆ ಒಂದು ಚಾಳಿ ಹತ್ತಿತು. ತಮ್ಮ ನಿದ್ದೆ ಹೋದನೆಂದರೆ ಬೆಕ್ಕಿನ ಹಾಗೆ ತೊಟ್ಟಿಲ ಬಳಿ ಹೋಗುವುದು, ಅವನ ಅಂಗಾಲು ಚಿವುಟುವುದು. ಒಮ್ಮೊಮ್ಮೆ ಮೂಗಿನ ಹೊಳ್ಳೆಯಲ್ಲಿ ಬೆರಳು. ಒಮ್ಮೊಮ್ಮೆ ಕಣ್ಣಿನ ರೆಪ್ಪೆ ಎತ್ತಿ ಇಣುಕುವುದು. ಅವನು ಕಿಟಾರನೆ ಕಿರುಚಿಕೊಂಡ ಕೂಡಲೇ ತನ್ನ ಕೆಲಸ ಮುಗಿಯಿತು ಅನ್ನುವ ಹಾಗೆ ಹೋಗಿ ಆಟಿಕೆ ಸಾಮಾನಿನ ಮುಂದೆ ಕೂರುತ್ತಿದ್ದಳು. ಅರ್ಧ ತಾಸು ತೂಗಿ ಮಲಗಿಸಿದ ಕೂಸು ಎದ್ದರೆ ಯಾರಿಗೆ ತಲೆ ಕೆಡುವುದಿಲ್ಲ? ಫೋನಿನಲ್ಲಿ ಅತ್ತೆಗೆ ಹೇಳಿದೆ. "ಮದಲಿನ ಕೂಸಿಗೆ ಮತ್ಸರ ಇರೂದ. ಎರಡ ಕೊಡು, ಸುಮ್ಮಾಗತಾಳ," ಅಂದರು. ಒಂದು ದಿನ ಕೊಟ್ಟೇ ಬಿಟ್ಟೆ. ಅವಳು ಬಾಯಿ ತೆರೆದು ಅತ್ತಳು, ಮೋರೆ ಕೆಂಪಾಯಿತು, ಕಣ್ಣೀರು ಸುರಿಯಿತು. ಆದರೆ ದನಿ ಮಾತ್ರ ಬರಲಿಲ್ಲ. ಹೊಡೆದ ನನಗೇ ಹೆದರಿಕೆ ಆಯಿತು.

ಮಲಗಿದ ಪಪ್ಪಾನ ಹತ್ತಿರವೂ ಹೋಗಿ ರೆಪ್ಪೆ ಎತ್ತುತ್ತಿದ್ದಳು. ಅವರು ನಿದ್ದೆಗಣ್ಣಲ್ಲೇ "ಹೂಂ, ಹೋಗು" ಅನ್ನುತ್ತಿದ್ದರು. ಅಷ್ಟು ಸಿಕ್ಕರೆ ಸಾಕು, ಹೊರಗೆ ಬರುತ್ತಿದ್ದಳು.

ಅಂಗನವಾಡಿಗೆ ಬಿಡಲು ಹೋದಾಗ ಒಂದು ದಿನ ಅಲ್ಲಿಯ ಟೀಚರ್ ನನ್ನನ್ನು ಬದಿಗೆ ಕರೆದರು. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಹುಡುಗಿಗೆ ಮಾತ ಬರತಾವೋ ಇಲ್ಲೋ? ತುಟಿ ಅಷ್ಟ ಅಳ್ಳಾಡಸತಾಳ್ರಿ." ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಮಗ್ಗದ ಸದ್ದಿನಲ್ಲಿ ಹುಟ್ಟಿದ ಕೂಸು ಅದು. ಅದರ ದನಿ ಕೇಳಿ ಅದರ ಆಯಿ, ನಮ್ಮವ್ವ, "ಇದು ಕೂಸಲ್ಲ, ಡೊಳ್ಳು" ಅನ್ನುತ್ತಿದ್ದಳು. ಡಾಕ್ಟರಿಗೆ ತೋರಿಸಿದೆ. ಗಂಟಲಿಗೆ ಏನೂ ಆಗಿಲ್ಲ ಅಂದರು. ಮನೆಗೆ ಬಂದು ಎದುರು ಕೂರಿಸಿಕೊಂಡು, "ಜೋರಾಗಿ 'ಅವ್ವಾ' ಅನ್ನು ನೋಡೂಣು," ಅಂದೆ. ಅವಳು ತೊಟ್ಟಿಲ ಕಡೆ ನೋಡಿದಳು. ಆಮೇಲೆ ತನ್ನ ಬೆರಳನ್ನು ನನ್ನ ತುಟಿಯ ಮೇಲೆ ಇಟ್ಟಳು. ಈ ಹುಡುಗಿಯ ದನಿ ಇನ್ನು ಮರಳಿ ಬರುತ್ತದೋ ಇಲ್ಲವೋ ಅನ್ನುವ ಚಿಂತೆ ಅವತ್ತಿನಿಂದ ನನ್ನನ್ನು ಬಿಡಲಿಲ್ಲ.

ಮಗನಿಗೆ ಮೂರು ತಿಂಗಳು ತುಂಬಿದ ಮೇಲೆ ಅಪ್ಪ ಫೋನ್ ಮಾಡಿದ. "ನಾಕ ದಿವಸ ಬಂದು ಹೋಗ ಮಗಳ. ಮನಿ ಬಿಕೋ ಅನ್ನಾಕತ್ತೈತಿ." ಅವ್ವನ ದಿನಕರ್ಮ ಮುಗಿದ ಮೇಲೆ ನಾನು ಆ ಹೊಸ್ತಿಲು ತುಳಿದಿರಲಿಲ್ಲ. ಬಸ್ಸು ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ರಬಕವಿಯ ನಮ್ಮ ಓಣಿ ಹತ್ತಿರವಾದ ಹಾಗೆ ಮಗ್ಗಗಳ ಸದ್ದು ಕಾಲಿನಿಂದಲೇ ಮೈಗೇರತೊಡಗಿತು. ನಮ್ಮದು ಬಿಕೋ ಅನ್ನುವ ಮನೆಯಾದರೆ ಗದ್ದಲ ಅನ್ನುವುದು ಯಾವುದಕ್ಕೆ? ಪಕ್ಕದ ಕೋಣೆಯಲ್ಲಿ ಎರಡು ಪಾವರ್‌ಲೂಮ್ ಖಟಖಟ ಅನ್ನುತ್ತಿದ್ದವು. ಆದರೂ ಅಪ್ಪ ಹೇಳಿದ್ದು ಖರೆ. ಅಡುಗೆಮನೆಯಿಂದ ಆ ಸದ್ದನ್ನೂ ಮೀರಿಸಿ ಒದರುವ ಹೆಂಗಸು ಈಗ ಇರಲಿಲ್ಲ.

ಮಗ್ಗದ ಮನೆಯವರಿಗೆ ಒಂದು ಗುಣ ಉಂಟು. ಯಂತ್ರ ನಡೆಯುವಾಗ ಅವರು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ಮಾತು ತಿಳಿಯುತ್ತಾರೆ. ಅಪ್ಪನ ಕಿವಿಯಂತೂ ಎಂದೋ ಮಂದವಾಗಿದೆ. ಹೀಗಾಗಿ ಮೊಮ್ಮಗಳ ದನಿ ಹೋಗಿದೆ ಅನ್ನುವುದು ಅವನ ಗಮನಕ್ಕೇ ಬರಲಿಲ್ಲ. ಬಂದ ದಿನವೇ ಇಬ್ಬರೂ ಜೋಡಿಯಾದರು. ಅವನು ಲಾಳಿ ಬದಲಿಸುತ್ತ, ಇವಳು ನೂಲಿನ ಚೀಲದ ಮೇಲೆ ಕುಳಿತು, ಇಬ್ಬರ ತುಟಿಗಳೂ ಆಡುತ್ತಿದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮಗಳು ಅಷ್ಟು ಮಾತನ್ನು ನನ್ನ ಜೊತೆ ಆಡಿ ತಿಂಗಳುಗಳಾಗಿದ್ದವು.

ಮರುದಿನ ಮಧ್ಯಾಹ್ನ ವೈನಿ ರೊಟ್ಟಿ ಬಡಿಯುತ್ತಿದ್ದರು, ನಾನು ಸೊಪ್ಪು ಸೋಸುತ್ತಿದ್ದೆ. ಒಳಗಿನ ಎರಡು ಮಗ್ಗಗಳಲ್ಲಿ ಒಂದು ನಿಂತಿತು. ಮತ್ತೊಂದೂ ನಿಂತಿತು. ಓಡುವ ಮಗ್ಗವನ್ನು ಮಾತಿಗೋಸ್ಕರ ಅಪ್ಪ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಅವನು ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕುಳಿತ.

"ಮಗಳ, ನಿಮ್ಮವ್ವ ಹ್ವಾದ ದಿನ ಈ ಕೂಸಿಗೆ ಏನ ಹೇಳಿದ್ರಿ?"

"ನನಗ ಗೊತ್ತಿಲ್ಲಪ್ಪಾ. ವೈನಿ ಕಡೆ ಇದ್ಲು."

ವೈನಿಯ ಕೈ ರೊಟ್ಟಿಯ ಮೇಲೇ ನಿಂತಿತು. "ಆಯಿ ಎಲ್ಲಿ, ಆಯಿ ಎಲ್ಲಿ ಅಂತ ಒಂದ ಸವನ ಒದರಾಕತ್ತಿದ್ಲು. ಆಯಿ ಮಲಗ್ಯಾಳ, ಸಪ್ಪಳ ಮಾಡಬ್ಯಾಡ ಅಂದೆ. ಅಷ್ಟ ಸಣ್ಣ ಕೂಸಿಗೆ ಮತ್ತೇನ ಹೇಳ್ಲಿ?"

ಅಪ್ಪ ತಲೆಯಾಡಿಸಿದ. "ನೀ ಹೇಳಿದ್ರಾಗ ತಪ್ಪಿಲ್ಲ ಬಿಡು. ಆದ್ರ ಈಕಿ ನನಗ ಕೇಳಾಕತ್ತಾಳ: ಅಜ್ಜಾ, ತಮ್ಮನೂ ಮಲಗತಾನ, ಪಪ್ಪಾನೂ ಮಲಗತಾನ, ಅವರನ್ನೂ ಹೊತ್ಕೊಂಡ ಹೋಗ್ತಾರೇನು? ಅದಕ್ಕ ದಿನಾ ಎಬ್ಬಿಸಿ ಎಬ್ಬಿಸಿ ನೋಡತಾಳಂತ."

ಚಿವುಟಿದ ಅಂಗಾಲು, ಎತ್ತಿದ ರೆಪ್ಪೆ, ಅವನು ಅತ್ತ ಕೂಡಲೇ ನಿರಾಳವಾಗಿ ಹೋಗಿ ಕೂರುತ್ತಿದ್ದ ಅವಳ ನಡಿಗೆ, ಎಲ್ಲ ಕಣ್ಣ ಮುಂದೆ ಬಂತು. ನಾವೆಲ್ಲ ಮತ್ಸರ ಅಂದೆವು. ಮೂರು ತುಂಬದ ಹುಡುಗಿ ಇಡೀ ಮನೆಯನ್ನು ಕಾಯುತ್ತಿದ್ದಳು. ಆ ಮೂಕ ಮನೆಯಲ್ಲಿ ಒಂಟಿಯಾಗಿರುವವಳು ನಾನೊಬ್ಬಳೇ ಅಂತ ನಾನು ತಿಳಿದಿದ್ದೆ. ನನ್ನ ಮೊಣಕಾಲಿನ ಪಕ್ಕದಲ್ಲೇ ನನಗಿಂತ ಒಂಟಿಯಾದ ಜೀವ ಒಂದಿತ್ತು.

ಅಪ್ಪನಿಗೆ ಮತ್ತೆ ಮಗ್ಗ ಹಾಕಲು ಹೇಳಿದೆ. ನನಗೆ ಆ ಸದ್ದು ಬೇಕಿತ್ತು. ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಗ ಮಲಗಿದ್ದ. ಮುಧೋಳದಲ್ಲಿ ಸೂಜಿ ಬಿದ್ದರೆ ಏಳುತ್ತಿದ್ದವನು ಇಲ್ಲಿ ಎರಡು ಮಗ್ಗದ ಸದ್ದಿಗೂ ಅಲುಗದೆ ನಿದ್ದೆ ಹೋಗಿದ್ದ. ಮಗಳನ್ನು ಎತ್ತಿ ಅವನ ಬಳಿ ನಿಲ್ಲಿಸಿದೆ. ಅವಳ ಕಿವಿಯ ಹತ್ತಿರ ಬಾಯಿ ಇಟ್ಟು, "ಒದರಿ ಎಬ್ಬಿಸು," ಅಂದೆ.

ಅವಳು ತುಟಿಗೆ ಬೆರಳು ಒಯ್ದಳು. ನಾನು ಆ ಬೆರಳನ್ನು ಹಿಡಿದು ಕೆಳಗಿಳಿಸಿದೆ. ಅವಳ ತುಟಿ ಆಡಿತು. ಸದ್ದಿನಲ್ಲಿ ಏನೂ ಕೇಳಲಿಲ್ಲ, ಅವನೂ ಏಳಲಿಲ್ಲ. ಇನ್ನೊಮ್ಮೆ ಅಂದಳು. ಅವನು ಏಳಲಿಲ್ಲ. ಅವಳ ಮೋರೆ ಬಿಳಿಚಿತು, ನನ್ನ ಕಡೆ ನೋಡಿದಳು, ಎದೆ ತುಂಬ ಉಸಿರು ಎಳೆದುಕೊಂಡಳು. ಆಮೇಲೆ ಬಂತು ನಮ್ಮ ಡೊಳ್ಳಿನ ದನಿ. "ತಮ್ಮಾ, ಏಳೋ." ಒಡೆದ, ದಪ್ಪ, ಸ್ವಲ್ಪ ಬೆಳೆದ ದನಿ. ಮಗ ಬೆಚ್ಚಿ ಕೈ ಎರಡೂ ಮೇಲೆತ್ತಿದ, ಆಕಳಿಸಿದ, ಅಕ್ಕನನ್ನು ನೋಡಿದ.

"ಎದ್ದ," ಅಂದಳು ಮಗಳು ಬಾಯಿ ತುಂಬ.

ನಾನು ಅವಳನ್ನು ತಬ್ಬಿಕೊಂಡೇ ಕುಳಿತಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಅಲ್ಲಿ ಮಧ್ಯಾಹ್ನ ಅದು ದಿನಾ ಹೋಗುವುದೇ. ನಮ್ಮ ಮಗ್ಗ ನಿಂತವು, ಪಕ್ಕದ ಮನೆಯವೂ ನಿಂತವು, ಓಣಿಯೇ ಸುಮ್ಮನಾಯಿತು. ಮಗಳು ಕುತ್ತಿಗೆ ತಿರುಗಿಸಿ ಪಡಸಾಲೆಯನ್ನು ನೋಡಿದಳು, ಅವ್ವನನ್ನು ಮಲಗಿಸಿದ್ದ ಜಾಗವನ್ನೇ. ಆಮೇಲೆ ನನ್ನನ್ನು ಕೇಳಿದಳು, ಪಿಸುಮಾತಿನಲ್ಲಿ ಅಲ್ಲ.

"ಅವ್ವಾ, ಆಯಿಗೆ ಯಾರೂ ಒದರಲಿಲ್ಲೇನು?"

"ಇಲ್ಲವ್ವ," ಅಂದೆ. "ಯಾರೂ ಒದರಲಿಲ್ಲ. ನನಗೂ ಒದರಗೊಡಲಿಲ್ಲ."

"ಈಗ ಒದರೂಣೇನು?"

ವೈನಿ ಏನೋ ಹೇಳಲು ಬಾಯಿ ತೆರೆದರು. ಅಪ್ಪ ಕೈ ಮಾಡಿ ಬೇಡ ಅಂದ. ಮಗಳು ಪಡಸಾಲೆಗೆ ಹೋಗಿ ನಿಂತು "ಆಯೀ" ಅಂತ ಕೂಗಿದಳು. ಅವಳ ಹಿಂದೆ ನಾನೂ "ಅವ್ವಾ" ಅಂದೆ. ಒಂದೇ ಸಲ ಅನ್ನಬೇಕು ಅಂದುಕೊಂಡಿದ್ದೆ, ನಿಲ್ಲಿಸಲಾಗಲಿಲ್ಲ. ಬಸುರಿಯೆಂದು ಸೆರಗಿನಲ್ಲಿ ಕಟ್ಟಿಟ್ಟಿದ್ದ ಅಳು, ಬಾಣಂತಿಯೆಂದು ನುಂಗಿದ್ದ ಅಳು, ಎಲ್ಲ ಆ ಪಡಸಾಲೆಯಲ್ಲಿ ಹೊರಬಿತ್ತು. ಜೋಳಿಗೆಯಲ್ಲಿದ್ದ ಮಗನೂ ಅಳತೊಡಗಿದ. ಓಣಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಸಪ್ಪಳ ಮಾಡಬ್ಯಾಡ ಅಂತ ಯಾರೂ ಯಾರಿಗೂ ಹೇಳಲಿಲ್ಲ.

ಮಗಳು ತಲೆ ಓರೆ ಮಾಡಿಕೊಂಡು ಬಹಳ ಹೊತ್ತು ಕಾದಳು. ಆಮೇಲೆ ಬಂದು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಆಯಿ ಏಳವಲ್ಲಳು," ಅಂದಳು.

"ಏಳಂಗಿಲ್ಲವ್ವ," ಅಂದೆ. "ತಮ್ಮ ಏಳತಾನ, ಪಪ್ಪಾ ಏಳತಾರ. ಆಯಿ ಏಳಂಗಿಲ್ಲ."

ಅವಳು ನನ್ನ ತೊಡೆಯ ಮೇಲೆ ಕುಳಿತಳು. ಕರೆಂಟ್ ಬಂದಾಗ ಓಣಿಯ ಮಗ್ಗಗಳು ಒಂದೊಂದಾಗಿ ಶುರುವಾದವು, ಅಪ್ಪ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದ.