ತಕರಾರು ಮಾವನದಲ್ಲ

ಗಿರಿಜಾ, ನಿನ್ನ ಮದುವೆಗೆ ತಕರಾರು ಹಾಕಿಸಿದವನು ನಾನು. ನಮ್ಮ ಸೋದರಮಾವ ಅಲ್ಲ. ಮಾವ ಕಚೇರಿಗೆ ಹೋದ, ಹೇಳಿದ, ಹೆಬ್ಬೆಟ್ಟು ಒತ್ತಿದ — ಅಷ್ಟೇ. ಆ ಸುಳ್ಳನ್ನು ಅವನ ಬಾಯಿಗೆ ತುರುಕಿದವನು ನಿನ್ನ ಒಡಹುಟ್ಟಿದ ಅಣ್ಣ. ಇಷ್ಟು ವರ್ಷ ನೀನು ಅವನನ್ನು ಶಪಿಸುವಾಗಲೆಲ್ಲ ಪಕ್ಕದಲ್ಲಿ ಕೂತು ಹೂಂಗುಟ್ಟಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನೀನೂ ಮುನಿರಾಜುವೂ ವೈಟ್‌ಫೀಲ್ಡ್ ಕಡೆಯ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಿರಿ. ಅವನ ಕೇರಿಗೆ ನಮ್ಮ ಮನೆಯವರು ಕಾಲಿಟ್ಟವರಲ್ಲ. ಸಾಲದ್ದಕ್ಕೆ ಇಬ್ಬರದೂ ಒಂದೇ ಹಟ — ಪುರೋಹಿತ ಬೇಡ, ಮಂತ್ರ ಬೇಡ, ತಾಳಿ ಬೇಡ. ವರ್ತೂರಿನಲ್ಲಿ ಯಾರೂ ಛತ್ರ ಕೊಡಲಿಲ್ಲ. "ಬಯಲಲ್ಲೇ ಆಗ್ತೀವಿ ಬಿಡಣ್ಣ, ಆಕಾಶಕ್ಕೆ ಯಾರಪ್ಪನ ಪರ್ಮಿಷನ್ ಬೇಕು?" ಎಂದು ನೀನು ನಕ್ಕೆ. ಕೆರೆಯಾಚೆಯ ಸೀಬೆ ತೋಟ ಗೊತ್ತು ಮಾಡಿದವನು ನಾನೇ. ಶಾಲೆಯಿಂದ ಬೆಂಚು ಕೇಳಿದೆ, ಚಿತ್ರಾನ್ನಕ್ಕೆ ಅಡುಗೆಯವನನ್ನು ಹುಡುಕಿದೆ, ರಿಜಿಸ್ಟ್ರಾರ್ ಕಚೇರಿಗೂ ನಿಮ್ಮ ಜೊತೆ ಬಂದೆ. ಒಂದು ತಿಂಗಳು ನಿಮ್ಮ ಹೆಸರು ಗೋಡೆಯ ಮೇಲಿರುತ್ತದೆ, ತಕರಾರು ಬರದಿದ್ದರೆ ತೋಟಕ್ಕೇ ಬಂದು ಮದುವೆ ಮಾಡಿಸುತ್ತೇನೆ ಎಂದರು ಅಧಿಕಾರಿ. ಇಬ್ಬರಲ್ಲಿ ಯಾರಿಗಾದರೂ ಮೊದಲೇ ಮದುವೆಯಾಗಿದ್ದರೆ ಮಾತ್ರ ಆಗುವುದಿಲ್ಲ ಎಂದರು. ಆ ಮಾತು ನಿನಗೆ ಕೇಳಿಸಿತೋ ಇಲ್ಲವೋ, ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯಾಕೆ ಎನ್ನುತ್ತೀಯ. ಜಾತಿಯ ಹುಚ್ಚು ಎಂದುಕೊಂಡರೆ — ಇಲ್ಲ, ನನ್ನದು ಅದಕ್ಕಿಂತ ಕೀಳು. ಪೀಣ್ಯದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸ್ಟೆಲ್ಲಾ ನಿನಗೆ ನೆನಪಿದ್ದಾಳಲ್ಲ. ಅವಳನ್ನು ಮದುವೆಯಾಗುತ್ತೇನೆ ಎಂದಾಗ, ವಿಷ ಕುಡಿಯುತ್ತೇನೆಂದು ಅಪ್ಪ ಕೂಗಾಡಿದ. ನಾನು ಬಾಲ ಮುದುರಿಕೊಂಡು ಅವನು ತೋರಿಸಿದ ಹುಡುಗಿಯನ್ನು ಕಟ್ಟಿಕೊಂಡೆ. ಅದೇ ಅಪ್ಪ ನಿನ್ನೆದುರೂ ಅದೇ ಮಾತು ಹೇಳಿದ. ನೀನು ಮುದ್ದೆ ಮುರಿಯುತ್ತಾ, "ಕುಡೀಬೇಡಪ್ಪ, ಊಟ ಮಾಡು" ಅಂದೆ. ಅಪ್ಪ ಊಟ ಮಾಡಿದ! ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ಸುಲಭವಾಗಿತ್ತೇ? ಹಾಗಾದರೆ ನಾನು ಸ್ಟೆಲ್ಲಾಳ ಮುಂದೆ ಕಣ್ಣೀರಿಟ್ಟು ಹೇಳಿದ್ದೆಲ್ಲ — ನಾನು ಹೇಡಿ ಎಂಬುದು ಅಂದು ನನಗೆ ಗೊತ್ತಾಯಿತು. ಗೊತ್ತು ಮಾಡಿಸಿದ್ದು ನೀನು, ಅದಕ್ಕೇ ಸಿಟ್ಟು ನಿನ್ನ ಮೇಲೆ ತಿರುಗಿತು.

ಮುಂದಿನ ಭಾನುವಾರ ಆನೇಕಲ್ಲಿಗೆ, ಮಾವನ ಮನೆಗೆ ಹೋದೆ. ನಿನ್ನ ನಾಮಕರಣದ ದಿನ ಹೆಂಗಸರು ಮಾವನ ಕೈಯಿಂದ ನಿನ್ನ ಕೊರಳಿಗೆ ಕರಿಮಣಿ ಕಟ್ಟಿಸಿ, "ತಗೋ, ನಿನ್ನೆಂಡ್ತಿ" ಎಂದು ನಕ್ಕಿದ್ದರು. ಸೋದರಮಾವನಿಗೆ ನಮ್ಮ ಕಡೆ ಮಾಡುವ ಮಾಮೂಲಿ ತಮಾಷೆ. ಮದುವೆಯಾಗದೆ ಉಳಿದ ಮಾವ ಮಾತ್ರ ಅದನ್ನು ಪೂರ್ತಿ ತಮಾಷೆ ಎಂದುಕೊಂಡಿರಲಿಲ್ಲ. ಅದೇ ಮದುವೆ ಎಂದು ಹೋಗಿ ಹೇಳು ಅಂದೆ.

"ಅಂಗಂದ್ರೆ ನಿಂತೋಯ್ತದೇನ್ಲಾ?"

"ನಿಲ್ತದೆ. ನನ್ನೆಸ್ರು ಮಾತ್ರ ಎತ್ಬೇಡ."

ಮಾವ ಹೋಗಿ ಹೇಳಿದ. ವಿಚಾರಣೆಗೆ ನಮ್ಮೆಲ್ಲರನ್ನೂ ಕರೆಸಿದರು. ಗುಮಾಸ್ತರು ಕೆಲಸ ಬಿಟ್ಟು ಕಿವಿ ನಿಮಿರಿಸಿಕೊಂಡು ಕೂತಿದ್ದ ಆ ಕೋಣೆಯಲ್ಲಿ, ಮಾವನನ್ನು ತೋರಿಸಿ, "ಇವರ ಜೊತೆ ಸಂಸಾರ ಮಾಡಿದ್ದೀರೇನಮ್ಮಾ?" ಎಂದು ನಿನ್ನನ್ನು ಕೇಳಿದರು. ನಿನ್ನ ಮುಖ — ಬೇಡ, ಅದನ್ನು ಬರೆಯುವ ಹಕ್ಕು ನನಗಿಲ್ಲ. ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿದರು. ನೀವು ಅಣ್ಣನಲ್ಲವೇ, ಹೇಳಿ, ಮದುವೆಯಾಗಿತ್ತೇ? ನೀನು ನನ್ನನ್ನೇ ನೋಡುತ್ತಿದ್ದೆ. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ನಂಗೊತ್ತಿಲ್ಲ ಸಾರ್. ನಾನಾಗ ಚಿಕ್ಕೋನು."

ನೀನು ಅದನ್ನೂ ನಂಬಿದೆ. ನಾಮಕರಣದ ದಿನ ನನಗೆ ಎಂಟು ವರ್ಷ ಕಣೇ! ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಕಾಪಾಡಿದ್ದು ಅಮ್ಮ. ಮದುವೆಗೆ ಬರುವುದಿಲ್ಲ, ನಿನ್ನ ಮುಖ ನೋಡುವುದಿಲ್ಲ ಎಂದಿದ್ದ ಅಮ್ಮ ಮುಂದಿನ ವಾಯಿದೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು ಮೇಜಿನೆದುರು ನಿಂತಳು. "ಅದು ಆಟಕ್ ಕಟ್ಟಿದ್ದು ಸಾಮಿ. ನನ್ ತಮ್ಮ ಸುಳ್ಳೇಳ್ತವ್ನೆ. ಈ ಮದ್ವೆ ನಂಗೂ ಬ್ಯಾಡ. ಅಂಗಂತ ನನ್ ಮಗ್ಳ ಮ್ಯಾಲೆ ಇಲ್ದಿದ್ದು ಹೊರಿಸ್ಬೇಡಿ." ತಕರಾರು ಬಿದ್ದುಹೋಯಿತು.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ ಸೀಬೆ ತೋಟದವನು ಹೆದರಿ ಹಿಂದೆ ಸರಿದಿದ್ದ. ಗೊತ್ತು ಮಾಡಿದ್ದ ದಿನವೂ ಕಳೆದುಹೋಗಿತ್ತು. ಬಯಲಲ್ಲಿ, ಎಲ್ಲರೆದುರು ತಲೆಯೆತ್ತಿ ಮದುವೆಯಾಗಬೇಕೆಂದಿದ್ದ ನೀನು ಆ ಪ್ರಶ್ನೆ ಕೇಳಿಸಿಕೊಂಡ ಅದೇ ಕೋಣೆಯಲ್ಲಿ, ಅದೇ ಗುಮಾಸ್ತರ ನಡುವೆ ಮದುವೆಯಾದೆ. ಮೂರನೆಯ ಸಾಕ್ಷಿಯಾಗಿ ನಾನು ರುಜು ಹಾಕಿದೆ. "ನೀನೊಬ್ನಾದ್ರೂ ಇದ್ದೀಯಲ್ಲಣ್ಣ" ಎಂದು ನನ್ನ ಕೈ ಹಿಡಿದುಕೊಂಡೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮಾವನಿಗೆ ನೀನು ಮತ್ತೆ ಹೊಸ್ತಿಲು ತುಳಿಯಲು ಬಿಡಲಿಲ್ಲ. ನಿನಗೆ ಮಗಳು ಹುಟ್ಟಿದಾಗ ಬಾಳೆಗೊನೆ ಹೊತ್ತು ಬಂದವನನ್ನು ಬೀದಿಯಿಂದಲೇ ಅಟ್ಟಿದೆ. ನಾನು ನಿನ್ನ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅವನ ಹಿಂದೆ ಬಸ್ ಸ್ಟಾಪಿನವರೆಗೆ ಓಡಿ, ನಿಜ ಹೇಳಿಬಿಡಲೇ ಮಾವ ಎಂದು ಕೇಳಿದೆ — ಕೇಳಿದ್ದು ಕೂಡ ಅವನು ಬೇಡ ಎನ್ನಲಿ ಎಂದೇ. "ನಾವಿಬ್ರೂ ಕೆಟ್ಟೋರು ಅಂತ ಗೊತ್ತಾದ್ರೆ ತವರು ಅಂತ ಯಾರವ್ರೆ ಅವ್ಳಿಗೆ? ನೀನಿರು" ಅಂದ. ಅವನು ಮಾಡಿದ್ದೂ ತಪ್ಪೇ, ಆದರೆ ನನ್ನ ಪಾಲನ್ನೂ ಸಾಯುವವರೆಗೆ ಹೊತ್ತ. ಹೋದ ತಿಂಗಳು ಅವನು ತೀರಿಕೊಂಡಾಗ ನೀನು ಮಣ್ಣಿಗೂ ಬರಲಿಲ್ಲ.

ಕ್ಷಮಿಸು ಎನ್ನುವುದಿಲ್ಲ. ಅಂದರೆ ನೀನು ಕ್ಷಮಿಸಿಬಿಡಬಹುದು, ನನಗೆ ಅದು ಬೇಡ. ಈ ಭಾನುವಾರ ಬರುತ್ತೇನೆ. ಮಾವನನ್ನು ನಿಲ್ಲಿಸಿದ ಜಾಗದಲ್ಲೇ, ಬೀದಿಯಲ್ಲೇ ನಿಲ್ಲುತ್ತೇನೆ. ಅವನಿಗೆ ಬೈದದ್ದನ್ನೆಲ್ಲ ಮೊದಲಿನಿಂದ ನನಗೆ ಬೈ. ನೆರೆಹೊರೆಯವರೆಲ್ಲ ಕೇಳಲಿ. ಒಳಗೆ ಮಾತ್ರ ಕರೆಯಬೇಡ.