ಬೊಗುಮಿಲಾ ಅವರ ಮೂರು ಅಳತೆ

ಬೆಳಗಿನ ಐದೂವರೆ. ಲುಬ್ಲಿನ್ ನಗರದ ಲುಬಾರ್ತೊಫ್ಸ್ಕಾ ಬೀದಿಯಲ್ಲಿ ಬ್ರೆಡ್ಡಿನಂಗಡಿ ಬಿಟ್ಟರೆ ದೀಪ ಉರಿಯುತ್ತಿರುವುದು ಒಂದೇ ಕಿಟಕಿಯಲ್ಲಿ. ಒಳಗೆ ಎಪ್ಪತ್ತೊಂದರ ಬೊಗುಮಿಲಾ ಸೊವಾ ತೆಳು ಉಕ್ಕಿನ ಪಟ್ಟಿಯೊಂದರ ತುದಿಯನ್ನು ಅರದಿಂದ ಉಜ್ಜುತ್ತಿದ್ದಾರೆ. ನಾಲ್ಕು ಸಲ ಉಜ್ಜುವುದು, ತುದಿಯನ್ನು ಕೆನ್ನೆಗೆ ಒತ್ತಿ ನೋಡುವುದು, ಮತ್ತೆ ಉಜ್ಜುವುದು. ಐವತ್ತು ವರ್ಷ ಸೂಜಿ ಚುಚ್ಚಿಸಿಕೊಂಡು ಬೆರಳುಗಳು ಜಡ್ಡುಗಟ್ಟಿವೆ. ಚೂಪು ಅವಕ್ಕೆ ತಿಳಿಯುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ.

"ಒಂದು ಕಾರ್ಸೆಟ್‌ಗೆ ಇಂಥವು ಇಪ್ಪತ್ತು ಬೇಕು. ಅಂದ್ರೆ ನಲವತ್ತು ತುದಿ. ಒಂದೇ ಒಂದು ಚೂಪಾಗಿ ಉಳಿದ್ರೂ ಬಟ್ಟೆ ಹರಿದು ಪಕ್ಕೆಗೆ ಚುಚ್ಚುತ್ತೆ. ಹಾಕ್ಕೊಂಡವರು ಮೂರು ಬೀದಿ ಆಚೆಯಿಂದ ನನ್ನ ಬೈತಾರೆ," ಎನ್ನುತ್ತಾರೆ. ಹೊಲಿಗೆ ಯಂತ್ರದ ಸದ್ದು ಏಳರ ನಂತರ. ಅಲ್ಲಿಯವರೆಗೆ ಮೇಲಿನ ಮನೆಯವರು ಮಲಗಿರುತ್ತಾರೆ.

ಎದೆಯ ಕೆಳಗಿನಿಂದ ಸೊಂಟದವರೆಗೆ ಮೈಯನ್ನು ಹಿಡಿದಿಡುವ, ಬೆನ್ನ ಹಿಂದೆ ಲಾಡಿ ಎಳೆದು ಬಿಗಿಯುವ ಈ ಉಡುಪನ್ನು ಒಬ್ಬೊಬ್ಬರ ಅಳತೆ ತೆಗೆದು ಹೊಲಿಯುವವರು ನಮ್ಮ ಊರಿನಲ್ಲಿ ಈಗ ಬೊಗುಮಿಲಾ ಒಬ್ಬರೇ. ವಾರಕ್ಕೆ ಎರಡು ಕಾರ್ಸೆಟ್ ಮುಗಿಯುತ್ತವೆ. ನಾಟಕದ ನಟಿಯರು ಬರುತ್ತಾರೆ, ಮದುವಣಗಿತ್ತಿಯರು ಬರುತ್ತಾರೆ. ಬೆನ್ನು ನೋವಿನ ಮುದುಕಿಯರು ಬರುತ್ತಾರೆ. ಚರ್ಚಿನಲ್ಲಿ ಆರ್ಗನ್ ನುಡಿಸುವ ಗಂಡಸೊಬ್ಬರೂ ಬೆನ್ನು ನೆಟ್ಟಗಿರಲೆಂದು ಒಂದು ಹೊಲಿಸಿಕೊಂಡಿದ್ದಾರೆ. ಕೋಟಿನ ಒಳಗೆ ಹಾಕಿಕೊಳ್ಳುತ್ತಾರೆ, ಹೆಸರು ಬರೆಯಬೇಡಿ ಎಂದಿದ್ದಾರೆ.

ಇನ್ನೊಂದು ಬಗೆಯವರೂ ಉಂಟು. ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, ಕಾರ್ಸೆಟ್ ಕಟ್ಟಿಕೊಂಡರೆ ಸೊಂಟ ಕರಗುತ್ತದೆಂದು ನಂಬಿ ಬರುವವರು. ಅವರಿಗೆ ಬೊಗುಮಿಲಾ ಕುರ್ಚಿ ಕೊಟ್ಟು, ಕಪ್ಪು ಟೀ ಕೊಟ್ಟು, ಆಮೇಲೆ ಕರಗುವುದಿಲ್ಲ ಎಂದು ಹೇಳುತ್ತಾರೆ. ಮೂವರಲ್ಲಿ ಒಬ್ಬರು ಟೀ ಕುಡಿದು ಎದ್ದು ಹೋಗುತ್ತಾರೆ. ತಾನು ಹೊಲಿಯುವ ವಸ್ತುವಿನ ಬಗ್ಗೆ ಹೀಗೆ ಹೇಳುವ ದರ್ಜಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮಗೆ ಇಷ್ಟು ಖಾತ್ರಿ ಹೇಗೆ ಎಂದು ಕೇಳಿದೆ. ಅವರು ಎದ್ದು ಕಪಾಟಿನಿಂದ ಹನ್ನೊಂದು ನೋಟ್ ಪುಸ್ತಕಗಳನ್ನು ಇಳಿಸಿದರು.

ಹತ್ತೊಂಬತ್ತನೇ ವಯಸ್ಸಿಗೆ ಬೊಗುಮಿಲಾ ಸಹಕಾರ ಸಂಘದ ಹೊಲಿಗೆ ಕೋಣೆ ಸೇರಿದರು. ಕೆಲಸ ಕಲಿಸಿದವರು ತೆಯೊಫಿಲಾ ಎಂಬ ಹಿರಿಯರು. ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: ಆರು ತಿಂಗಳು ಬಿಡದೆ ಕಟ್ಟಿಕೊಳ್ಳಿ, ಸೊಂಟ ತಾನಾಗಿ ಇಳಿಯುತ್ತದೆ. ಹೊಸ ಹುಡುಗಿಗೆ ಅದನ್ನು ನೋಡಿಯೇ ತೀರಬೇಕೆನಿಸಿತು. ತನಗೇ ಒಂದು ಹೊಲಿದುಕೊಂಡಳು. ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ತಿಂಗಳು ಕಟ್ಟಿಕೊಂಡಳು. ದಿನವೂ ಮೂರು ಅಳತೆ ಬರೆದಳು: ಕಟ್ಟುವ ಮೊದಲು, ಕಟ್ಟಿದ ಮೇಲೆ, ಬಿಚ್ಚಿ ಒಂದು ಗಂಟೆಯಾದ ಮೇಲೆ.

ಮೊದಲ ಪುಸ್ತಕದ ಮೊದಲ ಪುಟದಲ್ಲಿ ಆ ಅಂಕಿಗಳು ಇನ್ನೂ ಇವೆ. ಎಪ್ಪತ್ತೊಂದು ಸೆಂಟಿಮೀಟರ್, ಅರವತ್ತೆರಡು, ಮತ್ತೆ ಎಪ್ಪತ್ತೊಂದು. ಎರಡನೇ ತಿಂಗಳಲ್ಲಿ ಒಂದೂವರೆ ಸೆಂಟಿಮೀಟರ್ ಇಳಿದದ್ದುಂಟು. ಹೊಟ್ಟೆ ಒತ್ತಿ ಊಟ ಇಳಿಯುತ್ತಿರಲಿಲ್ಲ, ಅದಕ್ಕೆ. ಕ್ರಿಸ್‌ಮಸ್ ಬಂತು, ಅಮ್ಮನ ಕೈಯಡುಗೆ ಹೊಟ್ಟೆತುಂಬ ತಿಂದಾಯಿತು, ಇಳಿದದ್ದು ಹತ್ತೇ ದಿನದಲ್ಲಿ ವಾಪಸು ಬಂತು. ಜೊತೆಗೆ ಇನ್ನೊಂದು ಗೊತ್ತಾಯಿತು. ಕಾರ್ಸೆಟ್ ಬಿಟ್ಟ ವಾರ ಕಲ್ಲಿದ್ದಲ ಬಕೆಟ್ ಎತ್ತಲು ಹೋದರೆ ಬೆನ್ನು ಕೈಕೊಟ್ಟಿತು. ಕೆಲಸವನ್ನೆಲ್ಲ ಉಕ್ಕಿನ ಪಟ್ಟಿಗೆ ಬಿಟ್ಟು ಬೆನ್ನು ಸೋಮಾರಿಯಾಗಿತ್ತು.

"ಕೊಬ್ಬು ಎಲ್ಲೂ ಹೋಗಲ್ಲ ನೋಡಿ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿದು ಕೂತಿರುತ್ತೆ. ಲಾಡಿ ಬಿಚ್ಚಿದ್ರೆ ತನ್ನ ಮನೆಗೆ ತಾನು ಬರುತ್ತೆ," ಎಂದು ನಗುತ್ತಾರೆ ಬೊಗುಮಿಲಾ. ಹಾಗಾದರೆ ಹೊಲಿಯುವುದೇಕೆ ಎಂದರೆ, ಕಟ್ಟಿಕೊಂಡಷ್ಟು ಹೊತ್ತು ಅದು ಕೊಡುವ ರೂಪವೂ ನೆಟ್ಟನೆಯ ನಿಲುವೂ ಸುಳ್ಳಲ್ಲವಲ್ಲ ಎನ್ನುತ್ತಾರೆ. ರೂಪ ಬೇಕಾದವರು ರೂಪಕ್ಕೆಂದು ಕೊಳ್ಳಲಿ.

ಸಹಕಾರ ಸಂಘ ತೊಂಬತ್ತೊಂದರಲ್ಲಿ ಮುಚ್ಚಿತು. ಹಳೆಯ ಹೊಲಿಗೆ ಯಂತ್ರವನ್ನು ಬೊಗುಮಿಲಾ ಮತ್ತು ಗಂಡ ಜೆನೊನ್ ಹಿಮದ ಮೇಲೆ ಮಕ್ಕಳ ಜಾರುಬಂಡಿಯಲ್ಲಿ ಎಳೆದು ಮನೆಗೆ ತಂದರು. ಮಾರುಕಟ್ಟೆಗೆ ಅಗ್ಗದ ಸಿದ್ಧ ಉಡುಪು ಬಂದು ಎರಡು ವರ್ಷ ಯಾರೂ ಬಾಗಿಲು ತಟ್ಟಲಿಲ್ಲ. ಆಗ ಪರದೆ ಹೊಲಿದರು, ಶವಪೆಟ್ಟಿಗೆಯ ಒಳಬಟ್ಟೆ ಹೊಲಿದರು. ಜೆನೊನ್ ತೀರಿಕೊಂಡು ಆರು ವರ್ಷವಾಯಿತು. ಹೊಲಿಸಿಕೊಂಡವರೆಲ್ಲರ ಮೂರು ಅಳತೆ ಬರೆದಿಡುವ ಅಭ್ಯಾಸ ಮಾತ್ರ ಎಂದೂ ತಪ್ಪಿಲ್ಲ. ಆ ಅಭ್ಯಾಸ ಏನು ಮಾಡಿತೆಂಬುದನ್ನು ನಾನು ಮೊದಲು ಕೇಳಿದ್ದು ಬೊಗುಮಿಲಾ ಅವರಿಂದಲ್ಲ, ಟ್ರಾಲಿಬಸ್ ಓಡಿಸುವ ಆಲ್ದೋನಾ ಮಝುರೆಕ್ ಅವರಿಂದ.

ಮೂರು ವರ್ಷದ ಹಿಂದಿನ ಸೆಪ್ಟೆಂಬರ್. ಆಲ್ದೋನಾಗೆ ಆಗ ನಲವತ್ತೊಂಬತ್ತು. ಜೂನ್‌ನಲ್ಲಿ ಮಗಳ ಮದುವೆ, ಅಷ್ಟರಲ್ಲಿ ತನ್ನ ಹಳೆಯ ಹಸಿರು ರೇಷ್ಮೆ ಉಡುಪಿನೊಳಗೆ ಹಿಡಿಸಬೇಕೆಂಬ ಹಟ. ಸೊಂಟ ಎಂಬತ್ತೆಂಟು. ಕರಗುವುದಿಲ್ಲ ಎಂದು ಬೊಗುಮಿಲಾ ಹೇಳಿದರು. ಪರವಾಗಿಲ್ಲ, ಹೊಲಿಯಿರಿ ಎಂದು ಆಲ್ದೋನಾ ಹೇಳಿದರು. ತಿಂಗಳಿಗೊಮ್ಮೆ ಬಂದು ಅಳತೆ ಕೊಡಬೇಕೆಂಬ ಕರಾರಿನ ಮೇಲೆ ಕಾರ್ಸೆಟ್ ತಯಾರಾಯಿತು.

ಅಕ್ಟೋಬರ್‌ನಲ್ಲಿ ಎಂಬತ್ತೇಳು. ನವೆಂಬರ್‌ನಲ್ಲಿ ಎಂಬತ್ತೈದು. ಡಿಸೆಂಬರ್‌ನಲ್ಲಿ ಎಂಬತ್ತೆರಡು. ಇವೆಲ್ಲ ಬಿಚ್ಚಿ ಒಂದು ಗಂಟೆ ಕಳೆದ ಮೇಲಿನ ಅಳತೆಗಳು. ಆಲ್ದೋನಾ ಬಸ್ ಡಿಪೋದಲ್ಲಿ ಸುದ್ದಿ ಹಬ್ಬಿಸಿದರು. ಐವರು ಚಾಲಕಿಯರು ತಮಗೂ ಬೇಕೆಂದು ಬಂದು ಸಾಲು ನಿಂತರು. ಒಬ್ಬಳಂತೂ, ಇಷ್ಟು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀರಲ್ಲ ಎಂದು ಬೊಗುಮಿಲಾ ಅವರನ್ನೇ ಛೇಡಿಸಿದಳು.

"ನಿಜ ಹೇಳ್ತೀನಿ, ನನಗೂ ಆಸೆ ಆಯ್ತು," ಎನ್ನುತ್ತಾರೆ ಬೊಗುಮಿಲಾ. "ಐವತ್ತು ವರ್ಷ ನಾನೇ ತಪ್ಪು ಹೇಳ್ಕೊಂಡು ಬಂದ್ನೇನೋ ಅನ್ನಿಸ್ತು. ತಪ್ಪಾಗಿದ್ರೆ ಒಳ್ಳೇದೇ ಅಲ್ವಾ? ಹನ್ನೊಂದೂ ಪುಸ್ತಕ ತೆಗೆದು ಒಂದು ವಾರ ಕೂತು ನೋಡ್ದೆ. ಹೀಗೆ ಮೂರು ತಿಂಗಳಲ್ಲಿ ಆರು ಸೆಂಟಿಮೀಟರ್ ಇಳಿದವರು ನಾಲ್ಕೇ ಜನ. ಒಬ್ಬಳು ಗಂಡ ಸತ್ತು ಊಟ ಬಿಟ್ಟಿದ್ಲು. ಮೂವರಿಗೆ ಕಾಯಿಲೆ."

ಜನವರಿಯಲ್ಲಿ ಆಲ್ದೋನಾ ಬಂದಾಗ ಎಪ್ಪತ್ತೊಂಬತ್ತು. ಇನ್ನೂ ಚಿಕ್ಕದೊಂದು ಹೊಲಿಯಿರಿ ಎಂದರು. ಬೊಗುಮಿಲಾ ಊಟದ ಬಗ್ಗೆ ಕೇಳಿದರು. ಮೊದಲೆಲ್ಲ ಕೆಲಸಕ್ಕೆ ಹೊರಡುವಾಗ ಬಿಸಿ ಈರುಳ್ಳಿ ರೊಟ್ಟಿ ಎರಡು ಬೇಕಿತ್ತು, ಈಗ ಅರ್ಧಕ್ಕೇ ಸಾಕೆನಿಸುತ್ತದೆ, ಕಾರ್ಸೆಟ್ ಒತ್ತುತ್ತದಲ್ಲ. ಹೊಟ್ಟೆ ನೋವು? ಇದೆ, ಅದೂ ಕಾರ್ಸೆಟ್‌ನದೇ. ಸುಸ್ತು? ಚಳಿಗಾಲವಲ್ಲವೇ. ಎಲ್ಲಕ್ಕೂ ಉತ್ತರ ಸಿದ್ಧವಿತ್ತು.

ಆಗ ಬೊಗುಮಿಲಾ ಒಂದು ಪರೀಕ್ಷೆ ಹೂಡಿದರು. ಕಾರ್ಸೆಟ್ ಇಲ್ಲೇ ಬಿಟ್ಟು ಹೋಗಿ, ಎರಡು ವಾರ ಏನೂ ಕಟ್ಟಬೇಡಿ. ಇಳಿಸಿದ್ದು ಕಾರ್ಸೆಟ್ಟೇ ಆಗಿದ್ದರೆ ಸೊಂಟ ಸ್ವಲ್ಪವಾದರೂ ತಿರುಗಿ ಬರಬೇಕು. ಬಂದರೆ ಚಿಕ್ಕದನ್ನು ನಾನೇ ಪುಕ್ಕಟೆ ಹೊಲಿದು ಕೊಡುತ್ತೇನೆ. ಆಲ್ದೋನಾ ಗೊಣಗುತ್ತಲೇ ಒಪ್ಪಿದರು.

ಎರಡು ವಾರದ ನಂತರ ಟೇಪು ಎಪ್ಪತ್ತೇಳು ತೋರಿಸಿತು. ಬೊಗುಮಿಲಾ ಮತ್ತೊಮ್ಮೆ ಅಳೆದರು. ಎಪ್ಪತ್ತೇಳೇ. ಟೇಪನ್ನು ಕೊರಳಿಗೆ ಹಾಕಿಕೊಂಡು, ಈಗಲೇ ವೈದ್ಯರ ಬಳಿ ಹೋಗೋಣ ಎಂದರು. ಆಲ್ದೋನಾಗೆ ಸಿಟ್ಟು ಬಂತು.

"ನಾನು ಅವರಿಗೆ ಏನಂದೆ ಗೊತ್ತಾ?" ಎಂದು ಆಲ್ದೋನಾ ನನಗೆ ಹೇಳುತ್ತಾರೆ. "ಬೊಗುಮಿಲಾ ಅವರೇ, ನಿಮ್ಮ ಕೆಲಸ ಫಲ ಕೊಟ್ಟಿದ್ದನ್ನ ನಿಮಗೇ ಸಹಿಸಕ್ಕಾಗಲ್ವಾ ಅಂದೆ. ಅವರು ಕೋಪ ಮಾಡ್ಕೊಳ್ಳಲಿಲ್ಲ. 'ನನ್ನ ಕೆಲಸ ನನಗೆ ಗೊತ್ತಮ್ಮ. ಇದು ನನ್ನ ಕೆಲಸ ಅಲ್ಲ' ಅಂದ್ರು. ಆ ಮಾತು ಕೇಳಿ ನಾನು ಕೋಟು ಹಾಕ್ಕೊಂಡೆ."

ಇಬ್ಬರೂ ಜೊತೆಯಾಗಿ ಹೋದರು. ಬೊಗುಮಿಲಾ ಅವರ ಕೈಚೀಲದಲ್ಲಿ ಹನ್ನೊಂದನೇ ಪುಸ್ತಕವಿತ್ತು. ಚಿಕಿತ್ಸಾಲಯದ ಯುವ ವೈದ್ಯೆ ಮೊದಲಿಗೆ ನಕ್ಕರಂತೆ, ದರ್ಜಿ ರೋಗಿಯನ್ನು ಕರೆತಂದದ್ದು ಇದೇ ಮೊದಲು ಎಂದು. ತಾರೀಕು ಸಮೇತ ಅಂಕಿಗಳನ್ನು ಓದಿದ ಮೇಲೆ ನಗಲಿಲ್ಲ. ಅದೇ ವಾರ ಪರೀಕ್ಷೆಗಳಾದವು. ದೊಡ್ಡ ಕರುಳಿನಲ್ಲಿ ಗಡ್ಡೆ ಇತ್ತು. ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಬೇರೆಡೆಗೆ ಹರಡಿರಲಿಲ್ಲ. ಮದುವೆಯವರೆಗೆ ಕಾದಿದ್ದರೆ ಹೀಗೆ ಹೇಳಲು ಆಗುತ್ತಿರಲಿಲ್ಲ ಎಂದು ವೈದ್ಯರು ಆಲ್ದೋನಾಗೆ ತಿಳಿಸಿದರು.

ಹೊಲಿಗೆ ಬಿದ್ದ ಹೊಟ್ಟೆಗೆ ಆಧಾರವಾಗಿ, ಉಕ್ಕಿಲ್ಲದ ಮೆತ್ತನೆಯ ಹತ್ತಿ ಪಟ್ಟಿಯೊಂದನ್ನು ವೈದ್ಯರನ್ನು ಕೇಳಿಕೊಂಡು ಬೊಗುಮಿಲಾ ಹೊಲಿದುಕೊಟ್ಟರು. ಸಾಲು ನಿಂತಿದ್ದ ಐವರು ಚಾಲಕಿಯರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಮೂವರು ಮನೆಗೆ ಹೋದರು. ಇಬ್ಬರು ಸೀಟಿನಲ್ಲಿ ಕೂತು ಕೂತು ನೋಯುವ ಬೆನ್ನಿಗೆಂದು ಹೊಲಿಸಿಕೊಂಡರು. ಜೂನ್‌ನಲ್ಲಿ ಆಲ್ದೋನಾ ಮಗಳ ಮದುವೆಯಲ್ಲಿ ಸಡಿಲವಾದ ನೀಲಿ ಉಡುಪು ತೊಟ್ಟು ಕುಣಿದರು. ಹಸಿರು ರೇಷ್ಮೆಯನ್ನು ತಂಗಿಗೆ ಕೊಟ್ಟುಬಿಟ್ಟಿದ್ದರು. ಈಗ ಅವರ ಸೊಂಟ ಎಂಬತ್ತಾರು. ಪ್ರತಿ ಮೂರು ತಿಂಗಳಿಗೊಮ್ಮೆ, ಏನನ್ನೂ ಹೊಲಿಸದೆ, ಬರೀ ಅಳತೆ ಕೊಡಲು ಬರುತ್ತಾರೆ.

ಇಷ್ಟೆಲ್ಲ ಕೇಳಿಸಿಕೊಂಡು ಬೊಗುಮಿಲಾ ಅವರ ಬಳಿ ಮರಳಿದಾಗ, ಒಂದು ಜೀವ ಉಳಿಸಿದಿರಿ ಎಂದೆ. ಅವರಿಗೆ ಆ ಮಾತು ಹಿಡಿಸಲಿಲ್ಲ. ಉಳಿಸಿದ್ದು ಆಸ್ಪತ್ರೆಯವರು, ತಾನು ಅಳೆದದ್ದಷ್ಟೇ ಎಂದರು. ಇನ್ನು ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಲಾಡಿ ಪೋಣಿಸುತ್ತಿದ್ದವರು ಅದನ್ನು ಪಕ್ಕಕ್ಕಿಟ್ಟು ಟೇಪನ್ನು ಕೈಗೆತ್ತಿಕೊಂಡರು.

"ಟೇಪು ತೆಗೆದ್ರೆ ಸಾಕು, ಎಲ್ಲರೂ ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಹಾಕ್ಕೊಳ್ತಾರೆ. ಮದುಮಗಳೂ ಅಷ್ಟೆ, ಅಜ್ಜಿನೂ ಅಷ್ಟೆ, ಆ ಚರ್ಚಿನವರೂ ಅಷ್ಟೆ. ಬಿಡಿ, ಉಸಿರು ಬಿಡಿ ಅಂತ ದಿನಾ ಹೇಳಿ ಹೇಳಿ ಸಾಕಾಗಿದೆ. ಒಬ್ಬರಾದ್ರೂ ನಾನು ಹೇಳೋದಕ್ಕೆ ಮುಂಚೆ, ಇದ್ದ ಹಾಗೇ ಬಂದು ನನ್ನ ಮುಂದೆ ನಿಂತ್ಕೋಬೇಕು. ಅಂಥ ಒಂದು ಅಳತೆ ಬರ್ಕೋಬೇಕು."